ಬೆಕ್ಕಿನ ಎಂಟನೆಯ ಮನೆ

ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಾಡಿಗೆ ಮನೆಗಳಲ್ಲೇ ಬಾಳು ಸವೆಸಿದ ಗುಮಾಸ್ತನ ಲೆಕ್ಕವೂ ಹೆಚ್ಚುಕಡಮೆ ಅದೇ. ಮದುವೆಯಾದಂದಿನಿಂದ ಟ್ರಂಕು, ಹಾಸಿಗೆ, ಮಕ್ಕಳು, ಒರಳುಕಲ್ಲು ಇವುಗಳನ್ನು ಸಾಗಿಸಿಕೊಂಡು ಆರು ಮನೆ ಸುತ್ತಿದ ನಾನು, 2001ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಹೆಂಚಿನ ಮನೆಗೆ ಬಂದಾಗ ಅದು ಏಳನೆಯದಾಗಿತ್ತು. ಏಳು ಮುಗಿಯಿತು, ಇನ್ನು ಇಲ್ಲೇ ಎಂದುಕೊಂಡಿದ್ದೆ. 22 ವರ್ಷ ಹಾಗೆಯೇ ನಡೆಯಿತು. 2023ರ ಯುಗಾದಿ ಕಳೆದ ಮರುವಾರ ಮನೆಯೊಡೆಯರು ಬಂದರು; ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮನೆಯನ್ನು ಕಟ್ಟಡ ಕಟ್ಟಿಸುವವರೊಬ್ಬರಿಗೆ ಕೊಟ್ಟುದಾಗಿ ತಿಳಿಸಿದರು. ಎದುರುಮನೆಯೂ ಅದೇ ದಾರಿ ಹಿಡಿದಿತ್ತು. ಆಷಾಢ ಹುಟ್ಟುವುದರೊಳಗೆ ನಾವು ಬಿಟ್ಟುಕೊಡಬೇಕು. ಅವರನ್ನು ದೂರುವಂತಿಲ್ಲ, ಅಷ್ಟು ವರ್ಷ ಅಷ್ಟು ಕಡಮೆ ಬಾಡಿಗೆಗೆ ಬೆಂಗಳೂರಿನಲ್ಲಿ ಯಾರು ಇರಗೊಡುತ್ತಾರೆ?

ನನ್ನಾಕೆಯ ತವರು ಮೈಸೂರು. ಅವಳ ತಮ್ಮ ಒಂದೇ ವಾರದಲ್ಲಿ ಕೃಷ್ಣಮೂರ್ತಿಪುರದಲ್ಲಿ ಒಂದು ಹಳೆಯ ಮನೆಯ ಕೆಳಭಾಗವನ್ನು ಗೊತ್ತುಮಾಡಿ ಮುಂಗಡವನ್ನೂ ಕೊಟ್ಟುಬಿಟ್ಟ. ಹೀಗೆ ಮನುಷ್ಯರ ವಿಷಯ ಸುಲಭವಾಗಿ ಮುಗಿಯಿತು. ಉಳಿದುದು ಚುಕ್ಕಿಯ ವಿಷಯ.

ಚುಕ್ಕಿ ನಮ್ಮ ಬೆಕ್ಕು ಎಂದು ಬರೆಯಲು ಹೊರಟರೆ ಲೇಖನಿ ತಡೆಯುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅದರ ತಾಯಿ ಮೂರು ಮರಿಗಳನ್ನು ನಮ್ಮ ಜಗಲಿಯ ಹಳೆಯ ಪತ್ರಿಕೆಗಳ ರಾಶಿಯ ಹಿಂದೆ ತಂದಿಟ್ಟಿತು. ಎರಡು ದಿನ ಕಳೆದು ಎತ್ತಿಕೊಂಡು ಹೋಯಿತು. ನಮ್ಮದು ಅದರ ಏಳರಲ್ಲಿ ಎಷ್ಟನೆಯ ಮನೆಯೋ ತಿಳಿಯದು. ಆರು ತಿಂಗಳ ಮೇಲೆ ಆ ಮರಿಗಳಲ್ಲೊಂದು ಬೆಳೆದು, ತಾನೇ ತಾನಾಗಿ ಬಂದು, ಅದೇ ಪತ್ರಿಕೆಗಳ ಮೇಲೆ ಮಲಗಿತು. ಬಿಳಿ, ಕಪ್ಪು, ಕಂದು ಮೂರು ಬಣ್ಣದ ಮೈ. ಮೂಗಿನ ತುದಿಯಲ್ಲಿ ಒಂದು ಕರಿಯ ಚುಕ್ಕೆ. ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಯಾವಾಗಲೂ ಹೆಣ್ಣೇ ಎಂಬುದು ಶಾಸ್ತ್ರಸಿದ್ಧವಾದ ಸಂಗತಿ. ಆದ್ದರಿಂದ ಹೆಸರಿಡುವಾಗ ತೊಂದರೆಯಾಗಲಿಲ್ಲ.

ತೊಂದರೆ ಇದ್ದುದು ಬೇರೆ ಕಡೆ. ನಾವು ಚುಕ್ಕಿ ಎಂದರೆ, ಎದುರುಮನೆಯ ಅಜ್ಜಿಗೆ ಅದು ಕಮಲಿ. ಮೂಲೆಯ ಇಸ್ತ್ರಿ ಅಂಗಡಿಯವನಿಗೆ ರಾಣಿ. ಬೆಳಿಗ್ಗೆ ನಮ್ಮಲ್ಲಿ ಹಾಲು, ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ಮೊಸರನ್ನ, ಸಂಜೆ ಇಸ್ತ್ರಿ ಮಾಡಿದ ಬಿಸಿಬಿಸಿ ಬಟ್ಟೆಗಳ ಗಂಟಿನ ಮೇಲೆ ನಿದ್ರೆ. (ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲವೆಂದು ಪಶುವೈದ್ಯರು ಹೇಳಿದ ಮೇಲೆ ನಮ್ಮ ಹಾಲು ಮೊಟ್ಟೆಯಾಯಿತು. ಮೊಟ್ಟೆ ಬೇಯಿಸುವ ಪಾತ್ರೆ ಮಾತ್ರ ಜಗಲಿಯಲ್ಲೇ ಉಳಿಯಿತು.) ಬೀದಿಯ ಪ್ರಾಣಿಗಳ ಯೋಗಕ್ಷೇಮ ನೋಡುವ ಹುಡುಗಿಯೊಬ್ಬಳು ಬಂದು ಅದನ್ನು ಹಿಡಿದೊಯ್ದು, ಸಂತಾನ ನಿಲ್ಲುವ ಶಸ್ತ್ರಚಿಕಿತ್ಸೆ ಮಾಡಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ ತಂದುಬಿಟ್ಟಳು. ಅದರ ಖರ್ಚನ್ನು ಮೂರು ಮನೆಯವರೂ ಹಂಚಿಕೊಂಡೆವು. ಇಷ್ಟಾದರೂ ಅದು ಒಬ್ಬರ ತೊಡೆಯನ್ನೂ ಏರಿದುದಲ್ಲ. ಎತ್ತಿಕೊಳ್ಳಹೋದರೆ ಉಗುರು ತೋರಿಸುತ್ತಿತ್ತು. ಸಾಕಿದ ಬೆಕ್ಕೆನ್ನಲಾರೆ, ಬೀದಿಯ ಬೆಕ್ಕೆನ್ನಲು ಮನಸ್ಸೊಪ್ಪದು.

ಮನೆ ಬಿಡುವ ಸುದ್ದಿ ತಿಳಿದ ನಂಟರು ತಲೆಗೊಂದು ಬುದ್ಧಿ ಹೇಳಿದರು. ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ. ಬಿಟ್ಟುಹೋಗಿ ಎಂದರು ಕೆಲವರು. ಮಾತು ಸುಳ್ಳಲ್ಲ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಹೆರಿಕ್ ಎಂಬವರು ಮರಿಗಳಿದ್ದ ತಾಯಿಬೆಕ್ಕೊಂದನ್ನು ಮತ್ತೆ ಮತ್ತೆ ಕೆಲವು ಮೈಲಿ ದೂರ ಬಿಟ್ಟು ಬಂದರೂ ಅದು ಮನೆಗೆ ಮರಳಿತೆಂದು 1922ರಲ್ಲೇ ಬರೆದಿದ್ದಾರೆ. ಆದರೆ ದೂರ ಹೆಚ್ಚಿದಂತೆ ಈ ದಿಕ್ಕಿನ ಅರಿವು ಮಸುಕಾಗುತ್ತದೆ. ಮೈಸೂರೋ, 140 ಕಿಲೋಮೀಟರು. ಅಲ್ಲಿಂದ ತಪ್ಪಿಸಿಕೊಂಡರೆ ಚುಕ್ಕಿ ಹಳೆಯ ಮನೆಗೆ ಬರಲಾರದು, ಹೊಸ ಮನೆಯನ್ನೂ ಅರಿಯದು. ಇನ್ನು ಬಿಟ್ಟುಹೋಗೋಣವೆಂದರೆ ಅದು ನಂಬಿದ ಮನೆಯೇ ಆರು ತಿಂಗಳಲ್ಲಿ ಮಣ್ಣಿನ ಗುಂಡಿಯಾಗುತ್ತದೆ. ಹೀಗೆ ಎರಡು ಕಡೆಯೂ ಬಾಯಿ ಇರುವ ಪ್ರಶ್ನೆಯನ್ನು ನಾನು ಕಚೇರಿಯಲ್ಲಿ ಕೂಡ ಕಂಡಿರಲಿಲ್ಲ.

ಒಂದು ಸಂಜೆ ಚುಕ್ಕಿ ಊಟ ಮುಗಿಸಿ ಹಿತ್ತಲ ಗೋಡೆ ಹಾರಿತು. ಅದಕ್ಕೆ ನಿಜವಾಗಿ ಇಲ್ಲಿ ಏನೇನಿದೆ ನೋಡಿಯೇಬಿಡೋಣವೆಂದು ನಾನೂ ಹಿತ್ತಲ ಬಾಗಿಲ ಚಿಲಕ ತೆಗೆದೆ. ತುಕ್ಕು ಹಿಡಿದಿದ್ದ ಆ ಚಿಲಕವನ್ನು 22 ವರ್ಷಗಳಲ್ಲಿ ನಾನು ತೆಗೆದುದು ಅದೇ ಮೊದಲು.

ಮಲ್ಲೇಶ್ವರವನ್ನು ಬಲ್ಲವರಿಗೆ ಸಂಪಿಗೆ ರಸ್ತೆ ಗೊತ್ತು, 8ನೆಯ ಅಡ್ಡರಸ್ತೆಯ ಹೂವು ಹಣ್ಣುಗಳ ಸಂದಣಿ ಗೊತ್ತು, ಕಾಡು ಮಲ್ಲೇಶ್ವರನ ಗುಡಿ ಗೊತ್ತು. ಮನೆಗಳ ಬೆನ್ನ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳು ಎಷ್ಟು ಮಂದಿಗೆ ಗೊತ್ತು? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಬೇಕೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರು. ಅಗಲವಾದ ರಸ್ತೆ, ಸಾಲುಮರ, ಮನೆಗೊಂದು ಅಂಗಳ, ಹಿಂದೊಂದು ಹಿತ್ತಲು, ಅದರ ಹಿಂದೆ ಗಾಡಿಯೊಂದು ಹಿಡಿಯುವಷ್ಟು ಅಗಲದ ಗಲ್ಲಿ. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬುದನ್ನು ಸೈಮಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಹಿಡಿದುದೂ ಅದೇ 1898ರಲ್ಲಿ. ಅಂದಮೇಲೆ ಈ ಬಡಾವಣೆ ಹುಟ್ಟಿದುದೇ ಇಲಿಗಳ ದೆಸೆಯಿಂದ. ಇಲ್ಲಿ ಬೆಕ್ಕಿನ ಹಕ್ಕು ನಮ್ಮ ಹಕ್ಕಿಗಿಂತ ಹಳೆಯದೆಂದು ವಾದಿಸುವವರಿದ್ದರೆ ನಾನು ಎದುರಾಡಲಾರೆ.

ಗಲ್ಲಿಯ ಪೂರ್ವಚರಿತ್ರೆ ಇಂಪಾದುದಲ್ಲ. ಮನೆಯ ಮುಂಬಾಗಿಲಿಗೆ ಬರಗೊಡದ ಮನುಷ್ಯರು ಹಿಂಬಾಗಿಲಿಗೆ ಬಂದು, ಪಾಯಖಾನೆಯ ಮಲವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಲೆಂದು ಮಾಡಿದ ದಾರಿ ಅದು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸವಿಲ್ಲದಂತಾಯಿತು. ನಾನು ಹೋದಾಗಲೂ ಗೋಡೆಗಳ ಬುಡದಲ್ಲಿ ಇಟ್ಟಿಗೆ ಹಾಕಿ ಮುಚ್ಚಿದ ಸಣ್ಣ ಸಣ್ಣ ಕಿಂಡಿಗಳು ಕಾಣುತ್ತಿದ್ದುವು. ಅವು ಏನೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಅಲ್ಲಿ ನಿಂತಿರಲು ಆಗಲಿಲ್ಲ.

ಚುಕ್ಕಿ ಮುಂದೆ ಮುಂದೆ ನಡೆಯುತ್ತಿತ್ತು. ಗೋಡೆಯ ನೆತ್ತಿಯ ಮೇಲೆ ಗಾಜಿನ ಚೂರುಗಳನ್ನು ಹುಗಿದಿದ್ದರು; ಅವುಗಳ ನಡುವೆ ನಾಲ್ಕು ಹೆಜ್ಜೆಗಳನ್ನೂ ಎಣಿಸಿಟ್ಟಂತೆ ಇಡುತ್ತ ಹೋಯಿತು. ಒಂದು ಕಡೆ ನುಗ್ಗೆಮರ ಗಲ್ಲಿಗೆ ಬಾಗಿತ್ತು. ಅದರ ಕಾಂಡದ ತುಂಬ ಉಗುರಿನ ಗೀರು. ಮುರಿದ ನೀರಿನ ತೊಟ್ಟಿಯೊಂದರಲ್ಲಿ ಮಳೆನೀರು ನಿಂತಿತ್ತು, ಅಲ್ಲಿ ಕುಡಿಯಿತು. ಪ್ರತಿ ಮೂಲೆಯಲ್ಲೂ ನಿಂತು ಕೆನ್ನೆಯನ್ನು ಕಲ್ಲಿಗೆ ಉಜ್ಜಿತು. ಬೆಕ್ಕು ಹಾಗೆ ಉಜ್ಜುವುದು ತುರಿಕೆಗಲ್ಲ, ತನ್ನ ವಾಸನೆಯನ್ನು ಅಲ್ಲಿ ಹಚ್ಚಿಡುವುದಕ್ಕೆ. ನಾವು ಬಾಗಿಲ ಮೇಲೆ ಹೆಸರಿನ ಹಲಗೆ ಹೊಡೆಯುವಂತೆ. ನನ್ನ ಹೆಸರಿನ ಹಲಗೆ ಒಂದು ಬಾಗಿಲಿಗೆ ಮಾತ್ರ ಇತ್ತು. ಚುಕ್ಕಿಯದು ಆ ಗಲ್ಲಿಯ ಉದ್ದಕ್ಕೂ ಇತ್ತು.

ಗಲ್ಲಿ ಒಂದು ಹೊಸ ಕಟ್ಟಡದ ಗೋಡೆಗೆ ಬಂದು ನಿಂತುಹೋಯಿತು. ಐದು ಅಂತಸ್ತು, ಕೆಳಗೆ ಕಾರುಗಳಿಗೆ ಜಾಗ, ಸುತ್ತ ನುಣುಪಾದ ಗೋಡೆ, ಅದರ ಮೇಲೆ ವಿದ್ಯುತ್ತಿನ ತಂತಿ. ಅದಕ್ಕೆ ಮುಂಬದಿ ಇತ್ತು, ಎರಡು ಪಕ್ಕಗಳಿದ್ದುವು. ಹಿಂಬದಿ ಎಂಬುದೇ ಇರಲಿಲ್ಲ. ಹಿತ್ತಲಿಲ್ಲ, ಬಚ್ಚಲೊಲೆಯಿಲ್ಲ, ಸಂದಿಯಿಲ್ಲ. ಚುಕ್ಕಿ ಆ ಗೋಡೆಯ ಬುಡದಲ್ಲಿ ಕುಳಿತು ಬಾಲವನ್ನು ಕಾಲಿಗೆ ಸುತ್ತಿಕೊಂಡಿತು. ನಮ್ಮ ಮನೆಯೂ ಎದುರುಮನೆಯೂ ಹೀಗಾದ ಮೇಲೆ ಅದು ಎಲ್ಲಿ ನಡೆಯುತ್ತದೆ? ಅಂದು ರಾತ್ರಿ ನನ್ನಾಕೆಯೊಡನೆ ಹೇಳಿದೆ: “ಕರೆದುಕೊಂಡು ಹೋಗೋಣ.”

“ಅದು ಸರಿ. ಆದರೆ ಕೇಳಬೇಕಾದವರನ್ನು ಕೇಳಿದಿರಾ?” ಎಂದಳು.

ಎದುರುಮನೆಯ ಅಜ್ಜಿಗೆ ಆಗ 80 ದಾಟಿತ್ತು. ಒಬ್ಬರೇ ಇದ್ದರು. ಮನೆ ಕೈಬಿಟ್ಟ ಮೇಲೆ ಹೆಬ್ಬಾಳದ ಕಡೆ ಮಗಳ ಹತ್ತಿರ, ಹನ್ನೊಂದನೆಯ ಅಂತಸ್ತಿಗೆ ಹೋಗುವವರು. ಅವರ ದಿನಚರಿಯಲ್ಲಿ ಕಮಲಿಯ ಊಟದ ಹೊತ್ತೇ ಮಧ್ಯಾಹ್ನದ ಗಡಿಯಾರ. ನಾನು ಜಗಲಿಯ ಮೇಲೆ ಕುಳಿತು, ಸಾಲ ಕೇಳಲು ಬಂದವನಂತೆ ಅದೂ ಇದೂ ಮಾತನಾಡಿ, ಕೊನೆಗೆ ವಿಷಯಕ್ಕೆ ಬಂದೆ. ಅಜ್ಜಿ ಬಹಳ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದರು.

“ನಾನು ಕರೆದುಕೊಂಡು ಹೋಗೋಣವೆಂದಿದ್ದೆ. ಮಗಳು ಆಗಲಿ ಎಂದಿದ್ದಾಳೆ. ಆದರೆ ಅಲ್ಲಿ ಕಿಟಕಿಗೆಲ್ಲ ಬಲೆ ಹಾಕಿದ್ದಾರೆ. ಮಣ್ಣು ಮುಟ್ಟಬೇಕಾದರೆ ಲಿಫ್ಟಿನಲ್ಲಿ ಇಳಿಯಬೇಕು. ನನಗೆ ಹೇಗೋ ನಡೆದೀತು, ಇಳಿವಯಸ್ಸು. ಅದಕ್ಕೆ ಯಾಕೆ ಆ ಸೆರೆಮನೆ?” ಎಂದರು. ಮತ್ತೆ ನಾಲ್ಕು ಬತ್ತಿ ಆದ ಮೇಲೆ, “ತೆಗೆದುಕೊಂಡು ಹೋಗಿ. ಒಂದು ಮಾತು ಕೊಡಿ. ಅದನ್ನು ಒಳಗೆ ಕೂಡಿಹಾಕಿ ಇಟ್ಟುಕೊಳ್ಳಬಾರದು. ಬಾಗಿಲು ತೆರೆದಿರಬೇಕು. ಇದ್ದರೆ ಇರುತ್ತೆ, ಹೋದರೆ ಹೋಗುತ್ತೆ.”

ನಾನು ಮಾತು ಕೊಟ್ಟೆ. ಕೊಡುವಾಗ ಅದರ ಭಾರ ತಿಳಿಯಲಿಲ್ಲ.

ಇಸ್ತ್ರಿ ಅಂಗಡಿಯವನದು ಇನ್ನೊಂದು ಬಗೆ. “ಕೇಳೋದೇನು ಸ್ವಾಮಿ, ರಾಣಿ ಮೈಸೂರಿಗಲ್ಲದೆ ಇನ್ನೆಲ್ಲಿಗೆ ಹೋಗ್ಬೇಕು?” ಎಂದು ನಕ್ಕ. ಹೊರಡುವ ದಿನ ಮಾತ್ರ ಅಂಗಡಿ ತೆರೆಯಲಿಲ್ಲ.

ಪಶುವೈದ್ಯರು ಹೇಳಿದ ಕ್ರಮ ಇಷ್ಟು. ಬೆಕ್ಕು ಒಯ್ಯುವ ಪೆಟ್ಟಿಗೆಯನ್ನು ಹದಿನೈದು ದಿನ ಮೊದಲೇ ಜಗಲಿಯಲ್ಲಿ ತೆರೆದಿಡಬೇಕು. ಊಟವನ್ನು ಮೊದಲು ಅದರ ಪಕ್ಕದಲ್ಲಿ, ಆಮೇಲೆ ಒಳಗೆ ಹಾಕಬೇಕು. ಅದು ಮಲಗುವ ಗೋಣಿಚೀಲವನ್ನು ಒಗೆಯದೆ ಹಾಗೆಯೇ ಪೆಟ್ಟಿಗೆಯೊಳಗೆ ಹಾಸಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಪಯಣದ ಮುನ್ನ ಕೆಲವು ಗಂಟೆ ಊಟ ಕೂಡದು. ಹೊಸ ಮನೆಯಲ್ಲಿ ಒಂದೇ ಕೋಣೆಯಲ್ಲಿಟ್ಟು ಪ್ರಾರಂಭಿಸಬೇಕು. ಮೂರು ನಾಲ್ಕು ವಾರ ಹೊರಗೆ ಬಿಡಲೇಬಾರದು. ನಾವು ಎಲ್ಲವನ್ನೂ ಪಾಲಿಸಿದೆವು. ಚುಕ್ಕಿ ಪೆಟ್ಟಿಗೆಯಲ್ಲಿ ಊಟ ಮಾಡಿತು, ನಿದ್ದೆಯನ್ನೂ ಮಾಡಿತು. ಆದರೆ ಸಾಮಾನು ಕಟ್ಟುವವರು ಬಂದು ಅಟ್ಟದ ಮೇಲಿನ ಹಂಡೆಯನ್ನು ಕೆಳಗಿಳಿಸಿದ ಸದ್ದಿಗೆ ಹೆಂಚಿನ ಮೇಲೆ ಏರಿ ಕಣ್ಮರೆಯಾದುದು ಎರಡು ದಿನ ಕೆಳಗಿಳಿಯಲಿಲ್ಲ. ಲಾರಿ ಹೋಯಿತು. ಕಾರು ಮರುದಿನ ಬೆಳಗಿನ ಜಾವ ಐದಕ್ಕೆ ಬರಲಿತ್ತು. ಖಾಲಿ ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಒಂದೊಂದು ಗಂಟೆಗೂ ಎದ್ದು, ಚುಕ್ಕಿ ಚುಕ್ಕಿ ಎಂದು ಕರೆದು ಸಾಕಾಯಿತು. ಗೋಡೆಗೆ ಬಡಿದು ನಮ್ಮ ದನಿಯೇ ನಮಗೆ ಕೇಳುತ್ತಿತ್ತು.

ನಾಲ್ಕೂವರೆಗೆ ಎದುರುಮನೆಯ ದೀಪ ಹೊತ್ತಿತು. ಅಜ್ಜಿ ಬಾಗಿಲು ತೆರೆದು, ಕೈಯಲ್ಲಿ ಬೋಗುಣಿ ಹಿಡಿದು, ಮೆಟ್ಟಿಲ ಮೇಲೆ ಕುಳಿತು, ದಿನವೂ ಕರೆಯುವ ದನಿಯಲ್ಲಿ “ಕಮಲೀ” ಎಂದರು. ಹೆಂಚು ಸಣ್ಣಗೆ ಸದ್ದು ಮಾಡಿತು. ಬೆಕ್ಕು ಸಂಪಿಗೆಮರದ ಕೊಂಬೆಯಿಂದಿಳಿದು ಅವರ ಕಾಲ ಹತ್ತಿರ ಬಂದು ನಿಂತಿತು. ಅಜ್ಜಿ ಬೋಗುಣಿಯನ್ನು ಕೆಳಗಿಟ್ಟರು. ಅದು ಬಾಯಿ ಹಾಕುವ ಮೊದಲೇ ಕತ್ತಿನ ಹಿಂದಿನ ಚರ್ಮವನ್ನು ಹಿಡಿದು, ಇನ್ನೊಂದು ಕೈಯಿಂದ ಹಿಂಗಾಲು ಆನಿಸಿಕೊಂಡು ಎತ್ತಿದರು. ನಾಲ್ಕು ವರ್ಷದಲ್ಲಿ ಯಾರ ಕೈಗೂ ಸಿಕ್ಕದ ಬೆಕ್ಕು! ಪೆಟ್ಟಿಗೆಯ ಬಾಗಿಲು ಹಾಕುವಾಗ ಅವರ ಮುಂಗೈಯಲ್ಲಿ ಮೂರು ಕೆಂಪು ಗೀರು ಮೂಡಿದ್ದುವು. “ಅರಿಸಿನ ಹಚ್ಚಿಕೊಳ್ಳುತ್ತೇನೆ, ನೀವು ಹೊರಡಿ” ಎಂದು ಒಳಗೆ ಹೋದರು. ಬೋಗುಣಿ ಮೆಟ್ಟಿಲ ಮೇಲೆಯೇ ಇತ್ತು. ನನ್ನಾಕೆ ಅದನ್ನು ತೊಳೆದು ಅವರ ಹೊಸ್ತಿಲ ಮೇಲಿಟ್ಟು ಬಂದಳು.

ಕಾರಿನ ಚಾಲಕ ಹಿಂದಿನ ಆಸನದ ಪೆಟ್ಟಿಗೆಯನ್ನು ನೋಡಿ, “ಬೆಕ್ಕು ಅಡ್ಡ ಬಂದರೆ ಅಪಶಕುನ ಅಂತಾರೆ ಸಾರ್. ಜೊತೆಗೇ ಬಂದರೆ ಏನೋ, ಗೊತ್ತಿಲ್ಲ” ಎಂದ. ಕೆಂಗೇರಿ ದಾಟುವವರೆಗೆ ಚುಕ್ಕಿ ಉಸಿರೆತ್ತಲಿಲ್ಲ. ಹೊಸ ಹೆದ್ದಾರಿ ಸಿಕ್ಕಿ ಕಾರು ವೇಗ ಹಿಡಿದೊಡನೆ ಕೂಗಲು ತೊಡಗಿತು. ಅದು ಬೆಕ್ಕಿನ ಮಿಯಾವಲ್ಲ. ಕೆಳದನಿಯಲ್ಲಿ ಎಳೆದೆಳೆದು ಹಾಕುವ ಗೋಳು. ನನ್ನಾಕೆ ತನ್ನ ಹಳೆಯ ಸೀರೆಯನ್ನು ಪೆಟ್ಟಿಗೆಗೆ ಹೊದಿಸಿದಳು. ಕತ್ತಲಾದರೆ ಬೆಕ್ಕು ಸಮಾಧಾನಗೊಳ್ಳುತ್ತದೆಂದು ವೈದ್ಯರು ಹೇಳಿದ್ದರು. ಗೋಳು ನಿಲ್ಲಲಿಲ್ಲ.

2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಈ ಹೆದ್ದಾರಿ ಬೆಂಗಳೂರಿನಿಂದ ಮೈಸೂರಿಗೆ ಒಂದೂವರೆ ಗಂಟೆಯ ದಾರಿ ಎನ್ನುತ್ತಾರೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬದಿಗೆ ಸರಿಸಿ ಅದು ನೇರವಾಗಿ ಓಡುತ್ತದೆ. ಮಲ್ಲೇಶ್ವರದ ಗಲ್ಲಿಯ ಕೊನೆಯಲ್ಲಿ ಕಂಡ ಕಟ್ಟಡದಂತೆ ಅದಕ್ಕೂ ಸಂದುಗೊಂದುಗಳಿಲ್ಲ. ವೇಗದ ಕಂಪನಕ್ಕೆ ಪ್ರಾಣಿ ಹೆದರುತ್ತಿದೆಯೆಂದು ತೋರಿ, “ಹಳೆಯ ರಸ್ತೆಗೆ ಇಳಿಸಪ್ಪ, ನಿಧಾನ ಹೋಗೋಣ” ಎಂದೆ. ಚಾಲಕ ಸುಂಕದ ಲೆಕ್ಕ ಹಾಕಿ ಗೊಣಗಿಕೊಂಡು ಇಳಿಸಿದ.

ಹಳೆಯ ರಸ್ತೆ ನನ್ನ ಪ್ರಾಯದವರಿಗೆ ತಿಂಡಿಗಳ ಪಟ್ಟಿ. ಬಿಡದಿಗೆ ತಟ್ಟೆ ಇಡ್ಲಿ, ಮದ್ದೂರಿಗೆ ವಡೆ. ಬಿಡದಿಯಲ್ಲಿ ಇಳಿಯಲಿಲ್ಲ, ಉಪವಾಸವಿದ್ದ ಪ್ರಾಣಿಯ ಮುಂದೆ ತಿನ್ನಲು ನನ್ನಾಕೆ ಒಪ್ಪಲಿಲ್ಲ. ರಾಮನಗರದ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಆ ಬೆಟ್ಟಗಳಲ್ಲಿ ರಣಹದ್ದುಗಳಿಗಾಗಿಯೇ ಒಂದು ವನ್ಯಧಾಮವಿದೆ. ಮನುಷ್ಯ ಜಾಗ ಬಿಟ್ಟುಕೊಟ್ಟರೆ ಉಳಿಯುವ ಜೀವಿಗಳಲ್ಲಿ ಅದೂ ಒಂದು. ಚನ್ನಪಟ್ಟಣದ ಬಳಿ ಕಾರಿನಲ್ಲಿ ದುರ್ವಾಸನೆ ಹಬ್ಬಿತು. ಚುಕ್ಕಿ ಗೋಣಿಚೀಲವನ್ನು ಒದ್ದೆಮಾಡಿಕೊಂಡಿತ್ತು. ಅರಗು ಹಚ್ಚಿದ ಮರದ ಬೊಂಬೆಗಳ ಅಂಗಡಿಯೊಂದರ ಮುಂದೆ ನಿಲ್ಲಿಸಿ, ಕಾರಿನ ಕಿಟಕಿಗಳನ್ನೆಲ್ಲ ಏರಿಸಿ, ಚಾಲಕನನ್ನು ಹೊರಗೆ ಕಾವಲು ನಿಲ್ಲಿಸಿ, ಪೆಟ್ಟಿಗೆಯ ಬಾಗಿಲು ಗೇಣಷ್ಟೇ ತೆರೆದು ಗೋಣಿಯ ಮೇಲೆ ಪತ್ರಿಕೆಯ ಹಾಳೆಗಳನ್ನು ತುರುಕಿದೆವು. ಗೋಣಿಯನ್ನು ಮಾತ್ರ ಎಸೆಯಲಿಲ್ಲ. ಹೊಲಸಾದರೂ ಅದರಲ್ಲಿ ಮಲ್ಲೇಶ್ವರವಿತ್ತು. ಅಂಗಡಿಯ ಹೆಂಗಸು ಗಾಜಿನಾಚೆಯಿಂದ ನೋಡಿ, ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು. ನಮ್ಮ ಕೈ ತೊಳೆಯುವುದಕ್ಕೆ. ನಾವು ಅವಳಲ್ಲಿ ಏನನ್ನೂ ಕೊಳ್ಳಲಿಲ್ಲವೆಂಬುದು ಶಿಂಷಾ ಸೇತುವೆ ದಾಟಿದ ಮೇಲೆ ನೆನಪಾಯಿತು.

ಮಂಡ್ಯ ಕಳೆದು ಕಬ್ಬಿನ ಗದ್ದೆಗಳು, ನಾಲೆಗಳು ಕಾಣತೊಡಗಿದಾಗ ಕೂಗು ಒಮ್ಮೆಗೇ ನಿಂತಿತು. ಕೂಗಿದ್ದಕ್ಕಿಂತ ಈ ಮೌನ ಹೆಚ್ಚು ಹೆದರಿಸಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ನನ್ನಾಕೆ ನದಿಗೆ ಕೈಮುಗಿಯುವುದನ್ನು ಬಿಟ್ಟು ಸೀರೆ ಸರಿಸಿ ನೋಡಿದಳು. ಎರಡು ಕಣ್ಣುಗಳು ಅವಳನ್ನು ನೋಡಿದುವು. “ಇದೆ” ಎಂದಳು. ಮೈಸೂರು ಸೇರಿದಾಗ ಹತ್ತು ಗಂಟೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಲ್ಲ. ಪುರೋಹಿತರು ಮಂತ್ರ ಹೇಳುತ್ತಿದ್ದಂತೆ ಹಿಂದಿನ ಕೋಣೆಯಿಂದ ಗೋಳು ಮತ್ತೆ ಎದ್ದಿತು. ಅವರು ನಿಲ್ಲಿಸಿ, “ಒಳಗೆ ಯಾರು?” ಎಂದು ಕೇಳಿದರು. ಮೈದುನ ಗಂಭೀರವಾಗಿ, “ಬಾಡಿಗೆದಾರರು” ಎಂದ. ಉಕ್ಕಿದ ಹಾಲಿನಲ್ಲಿ ಬೆರಳಿನ ತುದಿಯಷ್ಟನ್ನು ಅದರ ಬಟ್ಟಲಿಗೂ ಹಾಕಿದೆವು. ಅಂದು ವೈದ್ಯರ ಮಾತಿಗೆ ವಿನಾಯಿತಿ.

ಚುಕ್ಕಿ ಮೂರು ದಿನ ಮಂಚದ ಕೆಳಗಿನಿಂದ ಹೊರಬರಲಿಲ್ಲ. ರಾತ್ರಿ ನಾವು ಮಲಗಿದ ಮೇಲೆ ತಿನ್ನುತ್ತಿತ್ತು. ಮರಳಿನ ತಟ್ಟೆಯನ್ನು ಎರಡನೆಯ ರಾತ್ರಿಯೇ ಉಪಯೋಗಿಸಿತು. ನಾಲ್ಕನೆಯ ದಿನ ಮಂಚದ ಕಾಲಿಗೆ ಕೆನ್ನೆ ಉಜ್ಜಿತು. ಆ ಸುದ್ದಿಯನ್ನು ನಾನು ಅಜ್ಜಿಗೆ ಫೋನು ಮಾಡಿ ಹೇಳಿದೆ. ಅವರು ಆಗಲೇ ಹನ್ನೊಂದನೆಯ ಅಂತಸ್ತಿಗೆ ಹೋಗಿದ್ದರು. ಅಲ್ಲಿಂದ ವಿಮಾನಗಳು ಚೆನ್ನಾಗಿ ಕಾಣುತ್ತವೆ ಎಂದರು. ಅನಂತರ, “ಬಾಗಿಲು ತೆಗೆದಿರಾ?” ಎಂದು ಕೇಳಿದರು.

ಮೂರು ನಾಲ್ಕು ವಾರ ಎಂದು ವೈದ್ಯರು ಹೇಳಿದ್ದುದೇ ನನಗೆ ಆಸರೆ. ನಿಜ ಹೇಳಬೇಕೆಂದರೆ ಬಾಗಿಲು ತೆರೆಯುವ ಮನಸ್ಸು ನನಗೆ ಕರಗುತ್ತ ಬಂದಿತ್ತು. ಚುಕ್ಕಿ ಈಗ ರಾತ್ರಿ ನಮ್ಮ ಕಾಲಬುಡದಲ್ಲಿ ಮಲಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ನಮ್ಮದೇ ಆದ ಬೆಕ್ಕು! ಇನ್ನೇಕೆ ಹೊರಗೆ ಬಿಡಬೇಕು? ಆದರೆ ಹಗಲೆಲ್ಲ ಅದು ಹಿಂದಿನ ಕಿಟಕಿಯ ಸರಳುಗಳ ನಡುವೆ ಮೂಗು ಇಟ್ಟುಕೊಂಡು ಕುಳಿತಿರುತ್ತಿತ್ತು. ಕಿಟಕಿಯ ಆಚೆ ಏನಿದೆಯೆಂದು ನಾನು ನೋಡಿಯೇ ಇರಲಿಲ್ಲ. ಒಂದು ದಿನ ಅದರ ಪಕ್ಕದಲ್ಲಿ ನಿಂತು ನೋಡಿದೆ: ಕಾಂಪೌಂಡು ಗೋಡೆ, ಅದರಾಚೆ ಗಾಡಿಯೊಂದು ಹಿಡಿಯುವಷ್ಟು ಅಗಲದ ಗಲ್ಲಿ.

ಮೈಸೂರಿನವರು ಅದನ್ನು ಬರೀ ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಇಲ್ಲಿಯೂ ಪ್ಲೇಗು ಬಂದಿತ್ತು. ನಗರವನ್ನು ಕ್ರಮವಾಗಿ ಬೆಳೆಸಲೆಂದು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿತ್ತು. ಹಳೆಯ ಬಡಾವಣೆಗಳ ಬೆನ್ನ ಹಿಂದೆ ಆ ಗಲ್ಲಿಗಳು ಇನ್ನೂ ಇವೆ. ಕೆಲವನ್ನು ಮನೆಗಳವರು ಒತ್ತರಿಸಿಕೊಂಡಿದ್ದಾರೆ, ಕೆಲವು ಕಸದಿಂದ ತುಂಬಿವೆ. ನಮ್ಮ ಹಿಂದಿನದರಲ್ಲಿ ಒಂದು ಸೀಬೆಮರವಿತ್ತು, ಮುರಿದ ಬಾಗಿಲಿತ್ತು, ಗೋಡೆಯ ಬುಡದಲ್ಲಿ ಇಟ್ಟಿಗೆ ಹಾಕಿ ಮುಚ್ಚಿದ ಕಿಂಡಿಯಿತ್ತು. ನಾವು ಬಾಡಿಗೆ, ನೀರು, ಗಾಳಿ, ಹಾಲಿನವನು ಎಲ್ಲವನ್ನೂ ವಿಚಾರಿಸಿ ಮನೆ ಹಿಡಿದಿದ್ದೆವು. ಚುಕ್ಕಿಗೆ ಬೇಕಾದುದನ್ನು ಕೇಳುವುದು ನಮಗೆ ಹೊಳೆದಿರಲೇ ಇಲ್ಲ, ಪುಣ್ಯಕ್ಕೆ ಸಿಕ್ಕಿತ್ತು.

ಇಪ್ಪತ್ತಾರನೆಯ ದಿನ, ಊಟಕ್ಕೆ ಸ್ವಲ್ಪ ಮುಂಚೆ, ಹಸಿದಿರುವಾಗ, ಹಿಂಬಾಗಿಲು ತೆರೆದೆ. ಚುಕ್ಕಿ ಹೊಸ್ತಿಲ ಮೇಲೆ ಹತ್ತು ನಿಮಿಷ ಕುಳಿತಿತು. ಮೂಗು ಎತ್ತಿ ಗಾಳಿಯನ್ನು ಮೂಸಿತು. ಚಾಮರಾಜಪುರದ ನಿಲ್ದಾಣದ ಕಡೆಯಿಂದ ರೈಲು ಕೂಗಿತು. ಮಲ್ಲೇಶ್ವರದಲ್ಲೂ ರೈಲು ಕೂಗುತ್ತಿದ್ದುದರಿಂದ ಅದಕ್ಕೆ ಹೆದರಲಿಲ್ಲ. ಇಳಿಯಿತು, ಗೋಡೆ ಹತ್ತಿತು, ಒಮ್ಮೆಯೂ ತಿರುಗಿ ನೋಡದೆ ಆಚೆಗೆ ಧುಮುಕಿತು.

ಅಂದು ರಾತ್ರಿ ಬರಲಿಲ್ಲ. ಮರುದಿನವೂ ಇಲ್ಲ. ಜಿನುಗುಮಳೆ ಹಿಡಿದಿತ್ತು. ಕೊಡೆ ಹಿಡಿದು, ಟಾರ್ಚು ಹಾಕಿ, ಮೊಟ್ಟೆಯ ಬಟ್ಟಲನ್ನು ಚಮಚದಿಂದ ತಟ್ಟುತ್ತ ಕನ್ಸರ್ವೆನ್ಸಿಯ ಈ ತುದಿಯಿಂದ ಆ ತುದಿಗೆ ನಡೆದೆ. ಬಂದು ಒಂದು ತಿಂಗಳು ತುಂಬದ ಹೊಸಬ ನಡುರಾತ್ರಿ ಮನೆಗಳ ಹಿಂದೆ ಟಾರ್ಚು ಹಾಕಿಕೊಂಡು ತಿರುಗಿದರೆ ಏನಾಗಬೇಕೋ ಅದೂ ಆಯಿತು. ಇಬ್ಬರು ಯಜಮಾನರಿಗೆ ನನ್ನ ವಂಶಾವಳಿ ಹೇಳಬೇಕಾಯಿತು. ನನ್ನಾಕೆ ಒಗೆಯದ ಆ ಗೋಣಿಚೀಲವನ್ನು ಹಿತ್ತಲ ಗೋಡೆಯ ಮೇಲೆ ಹರವಿದಳು, ವಾಸನೆ ಹಿಡಿದಾದರೂ ಬರಲೆಂದು. ಮಳೆ ಅದನ್ನೂ ತೊಳೆಯಿತು.

ಎರಡನೆಯ ಸಂಜೆ ಅಜ್ಜಿ ತಾವೇ ಫೋನು ಮಾಡಿದರು. “ಕಮಲಿ ಹೇಗಿದೆ?”

“ಚೆನ್ನಾಗಿದೆ. ಈಗ ತಾನೆ ತಿಂದು ಮಲಗಿತು” ಎಂದೆ.

ನಲವತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳಿಗೆ ಹೇಳಿದ ಸುಳ್ಳುಗಳು ಒಂದೂ ನೆನಪಿಲ್ಲ. ಇದು ಆ ರಾತ್ರಿ ನಿದ್ದೆಗೊಡಲಿಲ್ಲ. ಬಾಗಿಲು ತೆರೆಯೆಂದವರು ಅವರೇ. ಹೋದರೆ ಹೋಗುತ್ತೆ ಎಂದವರೂ ಅವರೇ. ಆದರೂ ಆ ಮೂರು ಕೆಂಪು ಗೀರುಗಳು ಕಣ್ಣ ಮುಂದೆ ಬರುತ್ತಿದ್ದುವು.

ಮೂರನೆಯ ದಿನ ಬೆಳಿಗ್ಗೆ ನನ್ನಾಕೆ ಹಾಲಿನ ಪೊಟ್ಟಣ ತರಲು ಬಾಗಿಲು ತೆರೆದಾಗ, ಚುಕ್ಕಿ ಹಿಂಬಾಗಿಲಿಗಲ್ಲ, ಮುಂಬಾಗಿಲಿಗೆ ಬಂದು ಕುಳಿತಿತ್ತು. ಮೈ ಒಣಗಿತ್ತು. ಹೊಟ್ಟೆ ತುಂಬಿತ್ತು. ಮೊಟ್ಟೆಯನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಯಿತು. ಎರಡು ದಿನ ಮಳೆಯಲ್ಲಿ ನೆನೆದ ಬೆಕ್ಕಿನ ಲಕ್ಷಣ ಇದಲ್ಲವಲ್ಲ ಎಂದು ನಾವು ಮುಖ ಮುಖ ನೋಡಿಕೊಂಡೆವು. ಸಂಜೆ ಅದು ಹೊರಟಾಗ ನಾನು ಮತ್ತೆ ಹಿಂಬಾಲಿಸಿದೆ. ಗೋಡೆಯ ಮೇಲೆ ನಾಲ್ಕು ಮನೆ ನಡೆದು, ಸೀಬೆಮರದಿಂದಿಳಿದು, ಒಂದು ಅಡಿಗೆಮನೆಯ ಹಿಂಬಾಗಿಲಿಗೆ ಹೋಗಿ ನಿಂತಿತು. ಒಳಗಿನಿಂದ ಒಬ್ಬ ಹೆಂಗಸಿನ ದನಿ: “ಬಂದೆಯಾ ಸುಬ್ಬೀ?” ಬಾಗಿಲು ತೆರೆಯಿತು, ಆಕೆಯ ಕೈಯಲ್ಲಿದ್ದ ತಟ್ಟೆಯಲ್ಲಿ ಮೀನಿನ ತಲೆಗಳಿದ್ದುವು. ನನ್ನನ್ನು ಕಂಡು ಆಕೆ, “ನಿಮ್ಮದಾ?” ಎಂದು ಕೇಳಿದರು.

“ನಮ್ಮದು ಎನ್ನುವಂತಿಲ್ಲ. ನಮ್ಮಲ್ಲಿಗೂ ಬರುತ್ತದೆ” ಎಂದೆ.

ಮನೆಗೆ ಬಂದು ಅಜ್ಜಿಗೆ ಫೋನು ಮಾಡಿ ಎಲ್ಲವನ್ನೂ, ನನ್ನ ಸುಳ್ಳನ್ನೂ ಸೇರಿಸಿ ಹೇಳಿದೆ. ಅವರು ನಕ್ಕರು. “ಅದಕ್ಕೆ ನೀವು ಗಾಬರಿಯಾಗುವುದೇ? ನಮ್ಮಲ್ಲಿದ್ದಾಗ ಅದು ಮೂರು ದಿನ ಕಾಣದಿದ್ದರೆ, ಎಲ್ಲೋ ಹೊಸ ಮನೆ ಹಿಡಿಯಿತು ಎಂದೇ ನಾನು ಲೆಕ್ಕ ಹಾಕುತ್ತಿದ್ದೆ. ಅಲ್ಲಿ ಏನು ಹಾಕುತ್ತಾರಂತೆ?”

ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಹಾಗಾದರೆ ಮಧ್ಯಾಹ್ನ ನೀವು ಮೊಸರನ್ನ ಹಾಕಿ. ಮೀನು ತಿಂದ ಮೇಲೆ ಅದಕ್ಕೆ ಬಾಯಿಗೆ ಅದೇ ಬೇಕಾಗುತ್ತೆ” ಎಂದರು.

ಮರುದಿನ ಮಧ್ಯಾಹ್ನ ನನ್ನಾಕೆ ಹಾಕಿದಳು. ಚುಕ್ಕಿ ತಿಂದಿತು.